ಹಳೇ ಕಾಲದ ಕಾರನ್ನ ಬಿಸಿಲಿಗೆ ಹೊಂದಿಸೋದು: ಮೊದಲು ಶಾಖ ಹುಟ್ಟೋ ಜಾಗ, ಆಮೇಲೆ ರೇಡಿಯೇಟರ್

ಹಳೇ ಕಾರು ಅಂದ್ರೆ ನಾನಿಲ್ಲಿ ಹೇಳ್ತಿರೋದು ಸುಮಾರು 1900ರಿಂದ 1930ರ ಆಸುಪಾಸಿನವರೆಗಿನ ಗಾಡಿಗಳು. ಪ್ರೆಶರ್ ಕ್ಯಾಪ್ (ಒಳಗಿನ ಒತ್ತಡ ಹಿಡಿದಿಡೋ ಮುಚ್ಚಳ) ಇಲ್ಲದ ಹಿತ್ತಾಳೆ ರೇಡಿಯೇಟರ್, ಮರದ ಸ್ಪೋಕಿನ ಚಕ್ರ, ಸ್ಟೀರಿಂಗ್ ಕೆಳಗೆ ಕೈಯಲ್ಲಿ ಆಡಿಸೋ ಸ್ಪಾರ್ಕ್ ಲಿವರ್, ಇಂಥವು. ಇವನ್ನ ಇಟ್ಕೊಂಡಿರೋ ತುಂಬಾ ಜನ ಮಾರ್ಚಿಯಿಂದ ಜೂನ್ ತನಕ ಶೆಡ್ಡಿಂದ ಹೊರಗೇ ತೆಗೆಯಲ್ಲ, ಕೇಳಿದ್ರೆ "ಕುದಿಯತ್ತೆ, ಹಳೇ ಗಾಡಿ ಅಲ್ವಾ" ಅಂತಾರೆ. ಅದನ್ನ ಕೇಳಿದಾಗೆಲ್ಲ ನಂಗೆ ಬೇಜಾರಾಗತ್ತೆ, ಯಾಕಂದ್ರೆ ಇವೇ ಗಾಡಿಗಳು ಹೊಸದಾಗಿದ್ದಾಗ ಮರುಭೂಮೀಲಿ ಓಡಿದ್ವು. ಮೊದಲ ಮಹಾಯುದ್ಧದಲ್ಲಿ, 1916ರಿಂದ, ಈಜಿಪ್ಟಿನ ಪಶ್ಚಿಮ ಮರುಭೂಮೀಲಿ ಲೈಟ್ ಕಾರ್ ಪೆಟ್ರೋಲ್ ಅಂತ ಬ್ರಿಟಿಷ್ ಸೇನೆಯ ತುಕಡಿಗಳು ಫೋರ್ಡ್ ಮಾಡೆಲ್ ಟಿ ಓಡಿಸ್ಕೊಂಡು ಸಾವಿರಾರು ಕಿಲೋಮೀಟರ್ ಗಸ್ತು ತಿರುಗಿದ್ರು. 1922ರ ಡಿಸೆಂಬರಿಂದ 1923ರ ಜನವರಿ ಒಳಗೆ ಫ್ರಾನ್ಸಿನ ಸಿಟ್ರೋಯನ್ ಗಾಡಿಗಳು ಅಲ್ಜೀರಿಯಾದ ಟುಗ್ಗುರ್ಟಿಂದ ಮಾಲಿಯ ಟಿಂಬಕ್ಟುವರೆಗೆ ಸಹಾರಾ ದಾಟಿದ್ವು. ಬ್ರಿಟನ್ನಿನ ಕಂಪನಿಗಳು ಬಿಸಿ ದೇಶಗಳಿಗೆ ಅಂತಲೇ "ಕಲೋನಿಯಲ್" ಅನ್ನೋ ಹೆಸರಲ್ಲಿ ಗಾಡಿ ಮಾಡ್ತಿದ್ರು, ಅದ್ರಲ್ಲಿ ಮುಖ್ಯವಾಗಿ ದೊಡ್ಡ ರೇಡಿಯೇಟರ್, ನೆಲದಿಂದ ಜಾಸ್ತಿ ಎತ್ತರ, ಸ್ವಲ್ಪ ಗಟ್ಟಿ ಸ್ಪ್ರಿಂಗು, ಅಷ್ಟೇ.

ಹಾಗಾಗಿ ನನ್ನ ಮಾತು ಒಂದೇ. ಇವತ್ತು ನಿಮ್ಮ ಗಾಡಿ ಕುದೀತಿದ್ರೆ ಅದು ಹಳೇ ಡಿಸೈನ್ ಅಂತಲ್ಲ, ನೂರು ವರ್ಷದಲ್ಲಿ ಏನೋ ಕೆಟ್ಟಿದೆ ಅಂತ. ಆ ಕೆಟ್ಟಿದ್ದನ್ನ ಹುಡುಕದೆ ಎಲೆಕ್ಟ್ರಿಕ್ ಫ್ಯಾನು, ವಾಟರ್ ಪಂಪು, ಪ್ರೆಶರ್ ಕ್ಯಾಪು ಅಂತ ಒಂದರ ಮೇಲೊಂದು ಹಾಕ್ತಾ ಹೋದ್ರೆ ರೋಗ ಒಂದು ಕಡೆ ಮದ್ದು ಇನ್ನೊಂದು ಕಡೆ ಆಗತ್ತೆ. ಕೆಳಗೆ ಹೇಳಿರೋ ಕೆಲಸಗಳನ್ನ ಅದೇ ಕ್ರಮದಲ್ಲಿ ಮಾಡಿ, ಮಧ್ಯದಲ್ಲಿ ಹಾರಬೇಡಿ. ಇನ್ನೊಂದು ಮಾತು, ಏನೇ ಬದಲಾವಣೆ ಮಾಡಿದ್ರೂ ನಾಳೆ ಬಿಚ್ಚಿ ಮೊದಲಿನ ಹಾಗೇ ಮಾಡೋಕೆ ಆಗೋ ಥರ ಮಾಡಿ, ಚಾಸಿಸ್‌ಗೆ ಹೊಸ ತೂತು ಕೊರೆಯೋದು, ಬಾನೆಟ್ ಕತ್ತರಿಸೋದು ದಯವಿಟ್ಟು ಬೇಡ.

ಮೊದಲನೇದು: ಅಳೆದು ಬರೆದಿಡಿ

ಒಂದು ನೋಟ್ ಪುಸ್ತಕ, ಒಂದು ಇನ್ಫ್ರಾರೆಡ್ ಥರ್ಮಾಮೀಟರ್ ಸಾಕು. ಥರ್ಮಾಮೀಟರನ್ನ ಪಾಲಿಶ್ ಮಾಡಿದ ಹಿತ್ತಾಳೆ ಮೇಲೆ ನೇರವಾಗಿ ಹಿಡಿದ್ರೆ ತಪ್ಪು ಲೆಕ್ಕ ಕೊಡತ್ತೆ, ಹೊಳೆಯೋ ಲೋಹದಿಂದ ಅದಕ್ಕೆ ಸರಿಯಾಗಿ ಓದೋಕೆ ಆಗಲ್ಲ, ಅದಕ್ಕೆ ರೇಡಿಯೇಟರಿನ ಮೇಲಿನ ಟ್ಯಾಂಕ್ ಮೇಲೆ, ಕೆಳಗಿನ ಟ್ಯಾಂಕ್ ಮೇಲೆ ಚಿಕ್ಕ ಕರೀ ಟೇಪ್ ತುಂಡು ಅಂಟಿಸಿ ಅದರ ಮೇಲೆ ಹಿಡೀರಿ. 10 ಕಿಲೋಮೀಟರ್ ಓಡಿಸಿ ಬಂದು ಎಂಜಿನ್ ಆಫ್ ಮಾಡೋ ಮುಂಚೆ ಮೇಲಿಂದು ಎಷ್ಟು, ಕೆಳಗಿಂದು ಎಷ್ಟು, ಹೊರಗಿನ ಗಾಳಿ ಎಷ್ಟು ಅಂತ ಬರೀರಿ. ಮೇಲೆ ತುಂಬಾ ಬಿಸಿ, ಕೆಳಗೆ ಹೆಚ್ಚುಕಮ್ಮಿ ತಣ್ಣಗಿದ್ರೆ ನೀರು ಹರೀತಿಲ್ಲ, ಒಳಗೆಲ್ಲೋ ಕಟ್ಟಿದೆ. ಮೇಲೂ ಕೆಳಗೂ ಎರಡೂ ಕಡೆ ಸುಡ್ತಿದ್ರೆ ನೀರು ಹರೀತಿದೆ, ಆದ್ರೆ ಗಾಳಿ ಅದರ ಶಾಖ ತಗೊಂಡು ಹೋಗ್ತಿಲ್ಲ, ಇಲ್ಲಾ ಎಂಜಿನ್ನೇ ಜಾಸ್ತಿ ಶಾಖ ಹುಟ್ಟಿಸ್ತಿದೆ. ಈ ಒಂದು ಓದಿನಿಂದ ಅರ್ಧ ಕೆಲಸ ಮುಗೀತು ಅಂದ್ಕೊಳ್ಳಿ.

ರೇಡಿಯೇಟರ್ ಕ್ಯಾಪ್ ಮೇಲೆ ಕೂರೋ ಮೋಟೋಮೀಟರ್ ಅನ್ನೋ ಥರ್ಮಾಮೀಟರ್ ಇದ್ರೆ ಚೆನ್ನಾಗಿರತ್ತೆ, 1912ರ ಹೊತ್ತಿಗೆ ಬಾಯ್ಸ್ ಅನ್ನೋರು ಮಾಡಿದ್ದು, ಆದ್ರೆ ಒಂದು ನೆನಪಿರಲಿ, ಅದು ಅಳೆಯೋದು ನೀರಿನ ಶಾಖ ಅಲ್ಲ, ನೀರಿನ ಮೇಲಿರೋ ಆವಿಯ ಶಾಖ.

ಬಿಸಿಲು ಯಾಕೆ ಇಷ್ಟು ತೊಂದರೆ ಕೊಡತ್ತೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. ರೇಡಿಯೇಟರ್ ಎಷ್ಟು ಶಾಖ ಬಿಡತ್ತೆ ಅನ್ನೋದು ನೀರಿಗೂ ಗಾಳಿಗೂ ಇರೋ ವ್ಯತ್ಯಾಸದ ಮೇಲೆ ನಿಂತಿದೆ. ನೀರು 95 ಡಿಗ್ರಿ, ಗಾಳಿ 20 ಇದ್ರೆ ವ್ಯತ್ಯಾಸ 75. ಅದೇ ಗಾಳಿ 43 ಆದ್ರೆ ವ್ಯತ್ಯಾಸ 52. ಅಂದ್ರೆ ಅದೇ ರೇಡಿಯೇಟರು, ಅದೇ ಫ್ಯಾನು, ಆದ್ರೂ ಸುಮಾರು ಶೇಕಡ 30ರಷ್ಟು ಶಕ್ತಿ ಕಮ್ಮಿ. ತಂಪು ಹವೇಲಿ ಮುಚ್ಚಿಹೋಗಿದ್ದ ಸಣ್ಣಪುಟ್ಟ ದೋಷ ಎಲ್ಲಾ ಬೇಸಿಗೇಲಿ ಒಟ್ಟಿಗೇ ಆಚೆ ಬರೋದು ಇದಕ್ಕೇ. ಎತ್ತರದ ಜಾಗಕ್ಕೆ ಹೋದ್ರೆ ಇನ್ನೊಂದು ಪೆಟ್ಟು, ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯೋ ನೀರು 1500 ಮೀಟರ್ ಎತ್ತರದಲ್ಲಿ 95ಕ್ಕೇ ಕುದಿಯತ್ತೆ.

ಎರಡನೇದು: ಶಾಖ ಹುಟ್ಟೋ ಜಾಗ

ಇದನ್ನ ಜನ ಮರೆತೇಬಿಡ್ತಾರೆ. ರೇಡಿಯೇಟರ್ ಬಿಚ್ಚೋ ಮುಂಚೆ ಸ್ಪಾರ್ಕ್ ನೋಡಿ. ಸ್ಪಾರ್ಕ್ ತಡವಾಗಿ ಬಿದ್ರೆ ಪೆಟ್ರೋಲ್ ಉರಿಯೋದು ತಡ ಆಗತ್ತೆ, ಪಿಸ್ಟನ್ ಕೆಳಗೆ ಹೋಗ್ತಿದ್ರೂ ಇನ್ನೂ ಉರೀತಾನೇ ಇರತ್ತೆ, ಆ ಶಾಖ ಪಿಸ್ಟನ್ ತಳ್ಳೋ ಬದಲು ಸಿಲಿಂಡರ್ ಗೋಡೆಗೆ, ಎಕ್ಸಾಸ್ಟ್ ವಾಲ್ವ್‌ಗೆ ಹೋಗತ್ತೆ. ಗಾಡಿಗೆ ಎಳೆತ ಇರಲ್ಲ, ನೀರು ಮಾತ್ರ ಕುದಿಯತ್ತೆ. ಮಾಡೆಲ್ ಟಿಲಿ ಎಡಗಡೆ ಲಿವರ್ ಸ್ಪಾರ್ಕಿಂದು, ಬಲಗಡೆದು ಥ್ರಾಟಲ್, ಎಡಗಡೆದನ್ನ ಮೇಲಿಟ್ರೆ ತಡ, ಕೆಳಗೆ ಎಳೆದ್ರೆ ಮುಂಚೆ. ಸ್ಟಾರ್ಟ್ ಮಾಡುವಾಗ ಲಿವರ್ ಮೇಲೇ ಇರಬೇಕು, ಇಲ್ಲಾಂದ್ರೆ ಹ್ಯಾಂಡಲ್ ವಾಪಸ್ ಒದ್ದು ಕೈ ಮುರಿಯತ್ತೆ, ಆದ್ರೆ ಎಂಜಿನ್ ಹಿಡಿದ ತಕ್ಷಣ ಕೆಳಗೆ ತರಬೇಕು.

ನಾನು ಕೈ ಹಾಕಿದ ಒಂದು ಗಾಡಿ, ರೇಡಿಯೇಟರಿಗೆ ಹೊಸ ಕೋರ್, ಅಂದ್ರೆ ನೀರು ಹರಿಯೋ ಒಳಗಿನ ಜಾಲ, ಹಾಕಿಸಿದ್ರು, ಫ್ಯಾನ್ ಹೊಸದು, ಆದ್ರೂ 6 ಕಿಲೋಮೀಟರಿಗೆ ಕ್ಯಾಪಿಂದ ಆವಿ. ಲಿವರ್ ಪೂರ್ತಿ ಕೆಳಗೆ ಎಳೆದಿದ್ರು, ಡ್ರೈವರ್ ಕಡೆಯಿಂದ ತಪ್ಪೇನೂ ಇಲ್ಲ. ಆಮೇಲೆ ಬಾನೆಟ್ ಎತ್ತಿ ಲಿವರ್ ಆಡಿಸ್ತಾ ನೋಡಿದ್ರೆ, ಸ್ಪಾರ್ಕ್ ಯಾವಾಗ ಬೀಳಬೇಕು ಅಂತ ತೀರ್ಮಾನಿಸೋ ಟೈಮರ್‌ಗೆ ಹೋಗೋ ರಾಡಿನ ಎರಡೂ ತುದೀಲಿ ಕೀಲು ಸವೆದು ಸವೆದು ಲಿವರಿನ ಅರ್ಧ ಓಟ ಅಲ್ಲೇ ಸಡಿಲದಲ್ಲಿ ಹೋಗ್ತಿತ್ತು, ಟೈಮರ್ ಅಲ್ಲಾಡ್ತಾನೇ ಇರ್ಲಿಲ್ಲ ಹೆಚ್ಚುಕಮ್ಮಿ. ಕೀಲಿಗೆ ಹೊಸ ಬುಷ್ ಹಾಕಿ, ರಾಡ್ ಉದ್ದ ಸರಿ ಮಾಡಿ, ಅದೇ ದಾರೀಲಿ ಅದೇ ಮಧ್ಯಾಹ್ನದ ಹೊತ್ತಲ್ಲಿ ಓಡಿಸಿದ್ವಿ, ಒಂದು ಹನಿ ಆಚೆ ಬರ್ಲಿಲ್ಲ. ರೇಡಿಯೇಟರ್‌ಗೆ ಸುರಿದ ದುಡ್ಡು ಅಷ್ಟೂ ಇನ್ನೊಂದು ಕಡೆ ಬೇಕಿತ್ತು.

ಸ್ಪಾರ್ಕ್ ಆದ್ಮೇಲೆ ಮಿಶ್ರಣ, ಅಂದ್ರೆ ಕಾರ್ಬೊರೇಟರ್ ಬೆರೆಸಿ ಎಂಜಿನ್‌ಗೆ ಕೊಡೋ ಗಾಳಿ ಮತ್ತೆ ಪೆಟ್ರೋಲ್. ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆದ್ರೂ ನಿಧಾನಕ್ಕೆ ಉರಿದು ಬಿಸಿ ಏರತ್ತೆ. ಈಗಿನ ಪೆಟ್ರೋಲಲ್ಲಿ ಎಥನಾಲ್ ಸೇರಿರೋದ್ರಿಂದ ಹಳೇ ಕಾರ್ಬೊರೇಟರ್ ಸೆಟ್ಟಿಂಗ್ ತಾನಾಗೇ ತೆಳುವಾಗತ್ತೆ, ಶೇಕಡ 10 ಎಥನಾಲ್ ಇದ್ರೆ ಸುಮಾರು ಶೇಕಡ 4, ಶೇಕಡ 20 ಇದ್ರೆ ಸುಮಾರು ಶೇಕಡ 8ರಷ್ಟು ತೆಳು ಅಂತ ಇಟ್ಕೊಳ್ಳಿ. ಪೆಟ್ರೋಲ್ ಹೆಚ್ಚುಕಮ್ಮಿ ಮಾಡೋ ನೀಡಲ್ ಇರೋ ಕಾರ್ಬೊರೇಟರ್ ಆದ್ರೆ ಬಿಸಿ ಎಂಜಿನ್ನಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸ್ತಾ, ಎಳೆತ ಚೆನ್ನಾಗಿ ಬಂದ ಜಾಗದಿಂದ ಒಂಚೂರು ಜಾಸ್ತಿ ತೆರೆದಿಡಿ. ಜೆಟ್ (ಪೆಟ್ರೋಲ್ ಬರೋ ಅಳತೆಯ ತೂತು) ಇರೋದಾದ್ರೆ ಒಂದು ಸೈಜ್ ದೊಡ್ಡದು ಹಾಕಿ ನೋಡ್ಬೇಕು. ಎರಡೂ ಆದ್ಮೇಲೆ ಪ್ಲಗ್ ಬಿಚ್ಚಿ ನೋಡಿ, ಬೆಳ್ಳಗೆ ಸುಟ್ಟ ಹಾಗಿದ್ರೆ ಇನ್ನೂ ತೆಳು, ತಿಳಿ ಕಂದು ಇದ್ರೆ ಸರಿ.

ಮಾಡೆಲ್ ಟಿ ಥರದ ಗಾಡೀಲಿ ಎಕ್ಸಾಸ್ಟ್ ಹತ್ರದಿಂದ ಬಿಸಿ ಗಾಳಿ ತಂದು ಕಾರ್ಬೊರೇಟರ್‌ಗೆ ಕೊಡೋ ಒಂದು ತಗಡಿನ ಕೊಳವೆ ಇರತ್ತೆ. ಅದು ಚಳಿ ದೇಶಕ್ಕೆ. ಬೇಸಿಗೇಲಿ ಬಿಚ್ಚಿ ಎತ್ತಿಡಿ, ಕಳೀಬೇಡಿ.

ಆಮೇಲೆ ಬ್ರೇಕ್ ಹಿಡ್ಕೊಂಡಿದ್ಯಾ ನೋಡಿ, 5 ಕಿಲೋಮೀಟರ್ ಬ್ರೇಕ್ ಹೆಚ್ಚು ಒತ್ತದೆ ಓಡಿಸಿ ಡ್ರಮ್ ಹತ್ರ ಕೈ ತಗೊಂಡು ಹೋಗಿ, ಒಂದು ಮಾತ್ರ ಸುಡ್ತಿದ್ರೆ ಅದು ಎಳೀತಿದೆ ಅಂತ. ಸೈಲೆನ್ಸರ್ ಒಳಗೆ ಇಂಗಾಲ ಕಟ್ಟಿದ್ರೂ ಇದೇ ಕಥೆ, ಎಂಜಿನ್ ಸುಮ್ಮನೆ ತಿಣುಕಿ ಬಿಸಿಯಾಗತ್ತೆ.

ಮೂರನೇದು: ನೀರು

ಆಗಿನ ಎಷ್ಟೋ ಗಾಡೀಲಿ ಪಂಪೇ ಇಲ್ಲ. ಬಿಸಿ ನೀರು ಹಗುರ ಆಗಿ ತಾನೇ ಮೇಲೇರತ್ತೆ, ರೇಡಿಯೇಟರಲ್ಲಿ ತಣ್ಣಗಾಗಿ ಕೆಳಗಿಳಿದು ಮತ್ತೆ ಎಂಜಿನ್‌ಗೆ ಬರತ್ತೆ, ಇದಕ್ಕೆ ಥರ್ಮೋಸೈಫನ್ ಅಂತಾರೆ. ಮಾಡೆಲ್ ಟಿಲಿ ಮೊದಮೊದಲ ಸುಮಾರು 2500 ಗಾಡಿಗೆ ಪಂಪ್ ಇತ್ತು, ಆಮೇಲೆ 1927ರ ತನಕ ಇದೇ ಥರ್ಮೋಸೈಫನ್. ಚೆನ್ನಾಗಿ ಕೆಲಸ ಮಾಡೋ ವ್ಯವಸ್ಥೆ, ಆದ್ರೆ ಇದಕ್ಕೆ ತಳ್ಳೋ ಶಕ್ತಿ ತುಂಬಾ ಕಮ್ಮಿ, ದಾರೀಲಿ ಒಂಚೂರು ಅಡ್ಡ ಬಂದ್ರೂ ನಿಂತೋಗತ್ತೆ. ಇನ್ನೊಂದು, ನೀರಿನ ಮಟ್ಟ ಮೇಲಿನ ಹೋಸ್ ಬಾಯಿಗಿಂತ ಕೆಳಗಿಳಿದ್ರೆ ಸುತ್ತೋದು ಪೂರ್ತಿ ನಿಂತೋಗತ್ತೆ, ಆಮೇಲೆ ರೇಡಿಯೇಟರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿದ್ರೂ ಎಂಜಿನ್ ಪಾಲಿಗೆ ಅದು ಇಲ್ಲದ ಹಾಗೇ. ಹಾಗಾಗಿ ನೀರಿನ ಮಟ್ಟ ನೋಡೋದು ಪೆಟ್ರೋಲ್ ನೋಡೋದಕ್ಕಿಂತ ಮುಖ್ಯ.

ಕ್ಲೀನ್ ಮಾಡೋ ರೀತಿ ಹೀಗೆ. ಮೇಲಿನ ಕೆಳಗಿನ ಹೋಸ್ ಬಿಚ್ಚಿ. ರೇಡಿಯೇಟರನ್ನ ಕೆಳಗಿನ ಬಾಯಿಂದ ಮೇಲಕ್ಕೆ, ಅಂದ್ರೆ ನೀರು ಮಾಮೂಲಿ ಹರಿಯೋದಕ್ಕೆ ಉಲ್ಟಾ, ನೀರು ಬಿಟ್ಟು ತೊಳೀರಿ, ಒತ್ತಡ ಜಾಸ್ತಿ ಬೇಡ, ಹಳೇ ಬೆಸುಗೆ ಬಿಟ್ಕೊಳ್ಳತ್ತೆ. ಸುಣ್ಣದ ಪದರ ಕಟ್ಟಿದ್ರೆ 10 ಲೀಟರ್ ಬಿಸಿ ನೀರಿಗೆ 300ರಿಂದ 400 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಒಂದೆರಡು ಗಂಟೆ ಬಿಟ್ಟು, ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ಒಂದ್ಸಲ ತೊಳೆದು, ಆಮೇಲೆ ಬರೀ ನೀರಲ್ಲಿ ನಾಲ್ಕೈದು ಸಲ. ಎಂಜಿನ್ನಲ್ಲಿ ಅಲ್ಯೂಮಿನಿಯಂ ಭಾಗಕ್ಕೆ ಈ ನೀರು ತಾಗೋ ಹಾಗಿದ್ರೆ ಇದನ್ನ ಎಂಜಿನ್ ಒಳಗೆ ಬಿಡಬೇಡಿ, ರೇಡಿಯೇಟರ್ ಬಿಚ್ಚಿ ಅದಕ್ಕೊಂದೇ ಮಾಡಿ. ಆದ್ಮೇಲೆ ಕೆಳಗಿನ ಬಾಯಿ ಕೈಯಲ್ಲಿ ಮುಚ್ಚಿ ಪೂರ್ತಿ ತುಂಬಿಸಿ ಒಟ್ಟಿಗೇ ಬಿಡಿ, ಬಾಯಿ ತುಂಬಾ ಧುಮುಕಿ ಬಂದ್ರೆ ಕೋರ್ ತೆರೆದಿದೆ, ಸಣ್ಣ ಧಾರೆಯಾಗಿ ಸೋರಿದ್ರೆ ಇನ್ನೂ ಕಟ್ಟಿದೆ.

ಜನ ಬಿಟ್ಟುಬಿಡೋ ಜಾಗ ಅಂದ್ರೆ ಎಂಜಿನ್ ಬ್ಲಾಕ್. ಅದರ ನೀರಿನ ಜಾಕೆಟ್ ಒಳಗೆ, ಅದ್ರಲ್ಲೂ ಹಿಂದಿನ ಸಿಲಿಂಡರ್ ಸುತ್ತ, ತುಕ್ಕು, ಸುಣ್ಣ, ಎರಕ ಹೊಯ್ದಾಗ ಉಳಿದ ಮರಳು ಎಲ್ಲಾ ಸೇರಿ ಗಟ್ಟಿ ಕೆಸರಾಗಿ ಕೂತಿರತ್ತೆ. ಹೆಡ್ ಬಿಚ್ಚಿ ಬ್ಯಾಟರಿ ಬಿಟ್ಟು ನೋಡಿ. ನಾನು ಒಂದು ನಾಲ್ಕು ಸಿಲಿಂಡರ್ ಎಂಜಿನ್ನಲ್ಲಿ ತಂತಿ ಬಗ್ಗಿಸಿ ಒಳಗಿಟ್ಟಾಗ ಮುಂದಿನ ಸಿಲಿಂಡರ್ ಹತ್ರ ಒಂದು ಗೇಣು ಆಳಕ್ಕೆ ಹೋದ ತಂತಿ ಹಿಂದಿನದರ ಹತ್ರ ಎರಡು ಬೆರಳಿಗೇ ನಿಂತುಬಿಡ್ತು. ಕೆರೀತಾ ಹೋದ್ರೆ ಇಟ್ಟಿಗೆ ಬಣ್ಣದ ಪುಡಿ, ಆಮೇಲೆ ಚಕ್ಕೆ ಚಕ್ಕೆ, ಒಳಗಿಂದು ಒದ್ದೆ ಜೇಡಿ ಥರ. ಎರಡು ದಿನ ಕೂತು ಕೆರೆದು, ಗಾಳಿ ಹಿಡಿದು, ನೀರು ಬಿಟ್ಟು, ಮತ್ತೆ ಕೆರೆದು, ಕೊನೆಗೆ ಹಳೇ ಬಕೆಟ್ಟಿನ ತಳ ಮುಚ್ಚೋ ಅಷ್ಟು ಕಸ ಬಂತು. ಅಷ್ಟೂ ಕಸ ಆ ಸಿಲಿಂಡರಿಗೆ ಕಂಬಳಿ ಹೊದಿಸಿದ ಹಾಗೆ ಕೂತಿತ್ತು, ಪಾಪ ಅದು ಇನ್ನೇನು ಮಾಡೀತು. ಫ್ಲಶ್ ಮಾಡೋ ಕೆಮಿಕಲ್ ಎಷ್ಟು ಹಾಕಿದ್ರೂ ಇದು ಹೋಗಲ್ಲ, ಕೈಯಲ್ಲೇ ಕೆರೀಬೇಕು.

ಹೋಸ್ ಹೊರಗಿಂದ ಚೆನ್ನಾಗಿದ್ರೂ ಒಳಗಿನ ಪದರ ಕಿತ್ತು ಬಾಗಿಲ ಥರ ಅಡ್ಡ ಬಿದ್ದಿರತ್ತೆ, ಬೆರಳು ಹಾಕಿ ನೋಡಿ. ಮೇಲಿನ ಹೋಸ್ ಎಂಜಿನ್ನಿಂದ ರೇಡಿಯೇಟರ್ ಕಡೆಗೆ ಏರ್ತಾ ಹೋಗ್ಬೇಕು, ಮಧ್ಯ ಗೂನು ಬಿದ್ರೆ ಅಲ್ಲಿ ಆವಿ ಸಿಕ್ಕಿಹಾಕ್ಕೊಳ್ಳತ್ತೆ. ಹೆಡ್ ಗ್ಯಾಸ್ಕೆಟ್ ಸೋರ್ತಿದ್ಯಾ ತಿಳ್ಕೋಬೇಕಂದ್ರೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ತಕ್ಷಣ ಕ್ಯಾಪ್ ತೆಗೆದ ಬಾಯಲ್ಲಿ ನೋಡಿ, ಇನ್ನೂ ಬಿಸಿಯಾಗೋ ಮುಂಚೇನೇ ಗುಳ್ಳೆ ಬರ್ತಿದ್ರೆ ಸಿಲಿಂಡರ್ ಗ್ಯಾಸ್ ನೀರಿಗೆ ಸೇರ್ತಿದೆ. ಹಳೇ ಗ್ಯಾಸ್ಕೆಟ್, ಬ್ರೇಕ್ ಲೈನಿಂಗ್, ಎಕ್ಸಾಸ್ಟ್ ಸುತ್ತಿರೋ ಹಗ್ಗ, ಇವುಗಳಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಜಾಸ್ತಿ, ಒಣಗಿದ್ದನ್ನ ಉಜ್ಜಬೇಡಿ, ಗಾಳಿ ಊದಬೇಡಿ, ಒದ್ದೆ ಮಾಡಿ ಸರಿಯಾದ ಮಾಸ್ಕ್ ಹಾಕ್ಕೊಂಡೇ ತೆಗೀರಿ. ಇದನ್ನ ಹಗುರವಾಗಿ ತಗೋಬೇಡಿ.

ತುಂಬೋ ನೀರು ಯಾವ್ದು? ಮಳೆ ನೀರು ಇಲ್ಲಾ ಡಿಸ್ಟಿಲ್ಡ್ ವಾಟರ್, ಜೊತೆಗೆ ತುಕ್ಕು ತಡೆಯೋ ಇನ್ಹಿಬಿಟರ್. ಬೋರ್ ನೀರು ಬೇಡವೇ ಬೇಡ. ಅರ್ಧಕ್ಕರ್ಧ ಕೂಲೆಂಟ್ ಹಾಕೋದು ಹೊಸ ಕಾರಿನ ಅಭ್ಯಾಸ. ಕೂಲೆಂಟಲ್ಲಿರೋ ಗ್ಲೈಕಾಲ್ ಹಾಗೆ ಸೇರಿಸಿದ್ರೆ ಕುದಿಯೋ ಬಿಂದು ಸುಮಾರು 107 ಡಿಗ್ರಿಗೆ ಏರತ್ತೆ ನಿಜ, ಆದ್ರೆ ಅದು ನೀರಿಗಿಂತ ಕಮ್ಮಿ ಶಾಖ ಹೊರತ್ತೆ, ಸ್ವಲ್ಪ ದಪ್ಪ ಬೇರೆ, ತಾನಾಗೇ ಸುತ್ತಬೇಕಾದ ಥರ್ಮೋಸೈಫನ್‌ಗೆ ಇದು ಭಾರ. ನೀರು ಹೆಪ್ಪುಗಟ್ಟೋ ಚಳಿ ಇಲ್ಲದ ಕಡೆ ನಾನಂತೂ ಹಾಕಲ್ಲ. ಪ್ರೆಶರ್ ಕ್ಯಾಪ್ ಅಂತೂ ಯಾರೂ ಹಾಕಬೇಡಿ, ಆ ಟ್ಯಾಂಕಿನ ಬೆಸುಗೆ ಒತ್ತಡ ತಡೆಯೋಕೆ ಮಾಡಿದ್ದೇ ಅಲ್ಲ.

ವಾಟರ್ ಪಂಪ್ ಹಾಕ್ಲಾ ಅಂತ ಕೇಳ್ತಾರೆ. ಇಷ್ಟೆಲ್ಲ ಮಾಡಿ ಆದ್ಮೇಲೂ ಕುದಿದ್ರೆ ಯೋಚಿಸಿ, ಮುಂಚೆ ಬೇಡ. ಕಟ್ಟಿಹೋದ ರೇಡಿಯೇಟರ್‌ಗೆ ಪಂಪ್ ಹಾಕಿದ್ರೆ ಮೇಲಿನ ಟ್ಯಾಂಕ್ ತುಂಬಿ ಓವರ್‌ಫ್ಲೋ ಪೈಪಿಂದ ನೀರು ಆಚೆ ಸುರಿದುಹೋಗತ್ತೆ.

ನಾಲ್ಕನೇದು: ಗಾಳಿ

ಫ್ಯಾನ್ ತಿರುಗ್ತಿದೆ ಅಂದ ಮಾತ್ರಕ್ಕೆ ಗಾಳಿ ಎಳೀತಿದೆ ಅಂತಲ್ಲ. ಚಪ್ಪಟೆ ಚರ್ಮದ ಬೆಲ್ಟ್ ಒಣಗಿ ಎಣ್ಣೆ ತಾಗಿ ಜಾರತ್ತೆ. ಎಂಜಿನ್ ನಿಲ್ಲಿಸಿ ಬ್ಲೇಡ್ ಕೈಯಲ್ಲಿ ತಿರುಗಿಸಿ, ಬೆಲ್ಟ್ ಬಿಗಿ ಇದ್ರೆ ಒಂದಿಷ್ಟು ತಡೆ ಸಿಗಬೇಕು. ಹಾಗಂತ ವಿಪರೀತ ಬಿಗಿ ಮಾಡಿದ್ರೆ ಫ್ಯಾನಿನ ಬುಷ್ ಹೋಗತ್ತೆ. ಬ್ಲೇಡ್ ಬುಡದಲ್ಲಿ ರಿವೆಟ್ ಸುತ್ತ ಸಣ್ಣ ಬಿರುಕು ಇದ್ಯಾ ಅಂತ ಲೆನ್ಸ್ ಹಿಡಿದು ನೋಡಿ, ಹಳೇ ಬ್ಲೇಡ್ ಕಿತ್ತು ಹಾರಿದ್ರೆ ನೇರ ರೇಡಿಯೇಟರಿಗೇ ಹೋಗತ್ತೆ, ಪಕ್ಕದಲ್ಲಿ ನಿಂತೋರಿಗೂ ಅಪಾಯ.

ನನ್ನ ಪ್ರಕಾರ ಅತಿ ಕಮ್ಮಿ ಖರ್ಚಲ್ಲಿ ಅತಿ ಜಾಸ್ತಿ ಲಾಭ ಕೊಡೋದು ಫ್ಯಾನ್ ಶ್ರೌಡ್, ಅಂದ್ರೆ ರೇಡಿಯೇಟರ್ ಹಿಂದೆ ಫ್ಯಾನ್ ಸುತ್ತ ಒಂದು ತಗಡಿನ ಕವಚ. ಅದಿಲ್ಲಾಂದ್ರೆ ಫ್ಯಾನು ಎಂಜಿನ್ ಕಡೆಯ ಬಿಸಿ ಗಾಳಿಯನ್ನೇ ಅಂಚಿಂದ ಎಳ್ಕೊಂಡು ಸುತ್ತಿಸ್ತಾ ಇರತ್ತೆ. ಮೊದಲು ರಟ್ಟಲ್ಲಿ ಕತ್ತರಿಸಿ ಅಳತೆ ನೋಡಿ, ಆಮೇಲೆ ತೆಳು ಅಲ್ಯೂಮಿನಿಯಂ ತಗಡಲ್ಲಿ ಮಾಡಿ, ಬ್ಲೇಡ್ ತುದಿಗೂ ಕವಚಕ್ಕೂ ಸುಮಾರು 20 ಮಿಲಿಮೀಟರ್ ಬಿಟ್ಟು, ರೇಡಿಯೇಟರಿನ ಇರೋ ಬೋಲ್ಟಿಗೇ ಸಿಗಿಸಿ. ಕೋರ್ ಮತ್ತೆ ಚೌಕಟ್ಟಿನ ಮಧ್ಯೆ ಸಂದಿ ಇದ್ರೆ ಫೆಲ್ಟ್ ತುಂಬಿ.

ಒಳಗೆ ಬಂದ ಗಾಳಿ ಆಚೆ ಹೋಗೋಕೂ ದಾರಿ ಬೇಕಲ್ವಾ. ಎಂಜಿನ್ ಕೆಳಗಿನ ತಗಡಿನ ತಟ್ಟೆ ಮುಚ್ಚಿದ್ರೆ ಬಿಸಿ ಗಾಳಿ ಬಾನೆಟ್ ಒಳಗೇ ನಿಲ್ಲತ್ತೆ. ಧೂಳಿಲ್ಲದ ರೋಡಲ್ಲಿ ಬಾನೆಟ್ಟಿನ ಎರಡೂ ಪಕ್ಕ ಒಂದು ಇಂಚು ಎತ್ತಿ, ಮರದ ತುಂಡು ಕೊಟ್ಟು ಬೆಲ್ಟಿಂದ ಬಿಗಿದು ಓಡಿಸಿ ನೋಡಿ, ಶಾಖ 4-5 ಡಿಗ್ರಿ ಇಳಿದ್ರೆ ನಿಮ್ಮ ತೊಂದರೆ ಇಲ್ಲೇ ಇದೆ ಅಂತ. ಬಾನೆಟ್ಟಿಗೆ ಲೂವರ್ (ಗಾಳಿ ಹೋಗೋ ಸೀಳು) ಹೊಡೆಸೋ ಬದಲು ಲೂವರ್ ಇರೋ ಇನ್ನೊಂದು ಜೊತೆ ಪಕ್ಕದ ತಗಡು ಮಾಡಿಸಿ, ಮೂಲದ್ದನ್ನ ಹಾಗೇ ಎತ್ತಿಡಿ. ರೇಡಿಯೇಟರ್ ಮುಂದೆ ಕ್ಲಬ್ ಬ್ಯಾಡ್ಜು, ಹಾರ್ನು, ನಂಬರ್ ಪ್ಲೇಟು ಎಲ್ಲಾ ಸೇರಿಸಿ ಕಟ್ಟಿರೋದನ್ನೂ ತೆಗೀರಿ.

ಐದನೇದು: ಕಂಡೆನ್ಸರ್ ಡಬ್ಬ

ಅಂದ್ರೆ ರೇಡಿಯೇಟರಿಂದ ಬರೋ ಆವಿಯನ್ನ ಮತ್ತೆ ನೀರಾಗಿಸೋ ಡಬ್ಬ. ಇದು ನಂಗೆ ತುಂಬಾ ಇಷ್ಟವಾದ ಉಪಾಯ, ಯಾಕಂದ್ರೆ ಇದು ಆ ಕಾಲದ್ದೇ. ಆ ಮರುಭೂಮಿಯ ಗಸ್ತಿನವರು ಇದನ್ನ ಉಪಯೋಗಿಸಿದ್ರು, ಆಮೇಲೆ 1920ರ ದಶಕದ ಕೊನೇಲಿ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಲಿಬಿಯಾ ಮರಳುಗಾಡಿಗೆ ಹೋಗುವಾಗ, 1940ರಲ್ಲಿ ಅವರೇ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಅನ್ನೋ ಸೇನಾ ತುಕಡಿಯ ಟ್ರಕ್ಕುಗಳಲ್ಲೂ ಇದೇ ಇತ್ತು. ವಿಷಯ ಏನಂದ್ರೆ, ಒಂದು ಲೀಟರ್ ನೀರನ್ನ 30ರಿಂದ 100 ಡಿಗ್ರಿಗೆ ಏರಿಸೋಕೆ ಬೇಕಾದ ಶಾಖಕ್ಕಿಂತ ಏಳು ಪಟ್ಟು ಜಾಸ್ತಿ ಶಾಖ ಅದನ್ನ ಆವಿ ಮಾಡೋಕೆ ಬೇಕು. ಅಂದ್ರೆ ಕುದಿಯೋದೇ ತಂಪು ಮಾಡೋ ಒಂದು ದಾರಿ, ತೊಂದರೆ ಇರೋದು ಆ ನೀರು ರೋಡಿಗೆ ಹೋಗೋದ್ರಲ್ಲಿ. ಅದನ್ನ ಹಿಡಿದಿಟ್ಕೊಂಡು ವಾಪಸ್ ಕೊಟ್ರೆ?

ರನ್ನಿಂಗ್ ಬೋರ್ಡ್ ಮೇಲೆ 6ರಿಂದ 8 ಲೀಟರಿನ ಒಂದು ಲೋಹದ ಡಬ್ಬ ಕೂರಿಸಿ, ಅರ್ಧ ನೀರು ತುಂಬಿ. ರೇಡಿಯೇಟರಿನ ಓವರ್‌ಫ್ಲೋ ಪೈಪಿಗೆ ತಾಮ್ರದ ಕೊಳವೆ ಇಲ್ಲಾ ಗಟ್ಟಿ ಹೋಸ್ ಸೇರಿಸಿ, ಇನ್ನೊಂದು ತುದಿ ಡಬ್ಬದ ತಳದ ಹತ್ರ ನೀರಲ್ಲಿ ಮುಳುಗಿರಬೇಕು. ಡಬ್ಬದ ಮೇಲೆ ಗಾಳಿ ಆಡೋಕೆ ಒಂದು ತೂತು ತೆರೆದೇ ಇರಬೇಕು, ಇದನ್ನ ಯಾವ ಕಾರಣಕ್ಕೂ ಮುಚ್ಚಬೇಡಿ. ರೇಡಿಯೇಟರ್ ಕ್ಯಾಪಿಗೆ ಹೊಸ ರಬ್ಬರ್ ವಾಷರ್ ಹಾಕಿ ಗಾಳಿ ಬಿಗಿ ಮಾಡಿ, ಕ್ಯಾಪಲ್ಲಿ ಬೇರೆ ತೂತು ಇದ್ರೆ ಅದೂ ಮುಚ್ಚಬೇಕು. ಕುದಿದಾಗ ಆವಿ ಡಬ್ಬಕ್ಕೆ ಬಂದು ತಣ್ಣನೆ ನೀರಲ್ಲಿ ನೀರಾಗತ್ತೆ. ಡಬ್ಬದ ನೀರೂ ಬಿಸಿಯಾಗಿ ಆವಿ ಉಗುಳೋಕೆ ಶುರು ಮಾಡಿದಾಗ ಗಾಡಿ ಮುಖ ಗಾಳಿ ಬೀಸೋ ಕಡೆಗೆ ತಿರುಗಿಸಿ ನಿಲ್ಲಿಸಿ. ಒಂದೆರಡು ನಿಮಿಷಕ್ಕೆ ರೇಡಿಯೇಟರ್ ಒಳಗಿನ ಆವಿ ಕುಗ್ಗಿ ಡಬ್ಬದ ನೀರನ್ನ ಎಳ್ಕೊಳ್ಳತ್ತೆ, ಗೊಳಗೊಳ ಗೊಳಗೊಳ ಅಂತ ಸದ್ದು ಕೇಳತ್ತೆ. ಮೊದಲ ಸಲ ಆ ಸದ್ದು ಕೇಳಿದಾಗ ನಾನು ರೋಡ್ ಪಕ್ಕ ಕೂತು ಪೂರ್ತಿ ಮುಗಿಯೋ ತನಕ ಕೇಳಿದ್ದೆ, ಬಾಯಾರಿದ ಹಸು ಬಾನಿಯಿಂದ ಕುಡಿಯೋ ಹಾಗಿತ್ತು. ಮೆತ್ತಗಿನ ರಬ್ಬರ್ ಪೈಪ್ ಹಾಕಿದ್ರೆ ಎಳೆತಕ್ಕೆ ಒಳಗೆ ಅಂಟ್ಕೊಂಡುಬಿಡತ್ತೆ, ಅದಕ್ಕೇ ಗಟ್ಟಿದು ಅಂದಿದ್ದು.

ಆರನೇದು: ಪೆಟ್ರೋಲ್ ಆವಿ

ಗಾಡಿ ಓಡ್ತಾ ಓಡ್ತಾ ಕೆಮ್ಮಿ ನಿಂತು, ಅರ್ಧ ಗಂಟೆ ಆದ್ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆದ್ರೆ ಅದು ವೇಪರ್ ಲಾಕ್ ಇರಬಹುದು, ಪೈಪಲ್ಲೇ ಪೆಟ್ರೋಲ್ ಆವಿಯಾಗಿ ಗುಳ್ಳೆ ಅಡ್ಡ ನಿಲ್ಲೋದು. ಈಗಿನ ಪೆಟ್ರೋಲಿನ ಹಗುರ ಅಂಶ 35-40 ಡಿಗ್ರಿಗೇ ಆವಿಯಾಗೋಕೆ ಶುರು. ಪೈಪ್ ಎಕ್ಸಾಸ್ಟ್ ಹತ್ರ ಎಲ್ಲಿ ಹಾದು ಹೋಗತ್ತೆ ನೋಡಿ, ಆದಷ್ಟು ದೂರ ಮಾಡಿ, ಗೂನಿಲ್ಲದೆ ಇಳಿಜಾರಾಗಿ ಹಾಕಿ. ದೂರ ಮಾಡೋಕೆ ಆಗಲ್ಲ ಅಂದ್ರೆ ಮಧ್ಯೆ ಅಲ್ಯೂಮಿನಿಯಂ ತಗಡು, ಎರಡೂ ಕಡೆ 10 ಮಿಲಿಮೀಟರ್ ಗಾಳಿಗೆ ಜಾಗ ಬಿಟ್ಟು. ಎಕ್ಸಾಸ್ಟಿಗೇ ಬಟ್ಟೆ ಸುತ್ತೋದು ನಂಗೆ ಇಷ್ಟ ಇಲ್ಲ, ಹಳೇ ಬೀಡಿನ ಮ್ಯಾನಿಫೋಲ್ಡ್ ಅತಿ ಬಿಸಿಯಾಗಿ ಬಿರುಕು ಬಿಡೋ ಭಯ. ದಾರೀಲಿ ಕೈಕೊಟ್ರೆ ಪೈಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯಿರಿ, ಕೆಲಸ ಮಾಡತ್ತೆ. ಟ್ಯಾಂಕ್ ಕಂಠದವರೆಗೆ ತುಂಬಿಸಬೇಡಿ, ಬಿಸಿಲಿಗೆ ಪೆಟ್ರೋಲ್ ಹಿಗ್ಗತ್ತೆ, ಕ್ಯಾಪಿನ ಗಾಳಿ ತೂತು ತೆರೆದಿರಲಿ.

ಕಾರ್ಬೊರೇಟರ್ ಒಳಗೆ ಕಾರ್ಕಿನ ಫ್ಲೋಟ್ ಇದ್ರೆ ಅದರ ಮೇಲೆ ಬಳಿದಿರೋ ಅರಗಿನ ವಾರ್ನಿಶ್ ಎಥನಾಲಲ್ಲಿ ಕರಗತ್ತೆ. ಅರಗು ಕರಗೋದೇ ಆಲ್ಕೋಹಾಲಲ್ಲಿ. ಆಮೇಲೆ ಕಾರ್ಕ್ ಪೆಟ್ರೋಲ್ ಹೀರಿ ಮುಳುಗತ್ತೆ, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಹರಿಯತ್ತೆ, ಇದು ಬೆಂಕಿಯ ವಿಷಯ. ಹಿತ್ತಾಳೆ ಫ್ಲೋಟ್ ಹಾಕಿಸಿ, ರಬ್ಬರ್ ಪೈಪ್ ಇದ್ರೆ ಎಥನಾಲ್ ತಡೆಯೋದು ಹಾಕಿ, ಗಾಡೀಲಿ ಬೆಂಕಿ ಆರಿಸೋ ಸಿಲಿಂಡರ್ ಒಂದು ಇರಲೇಬೇಕು.

ವೇಪರ್ ಲಾಕ್ ಅಂತ ತಿಳ್ಕೊಂಡಿದ್ದು ಎಷ್ಟೋ ಸಲ ಮ್ಯಾಗ್ನೆಟೋ, ಅಂದ್ರೆ ಸ್ಪಾರ್ಕಿಗೆ ಕರೆಂಟ್ ಹುಟ್ಟಿಸೋ ಯಂತ್ರ, ಆಗಿರತ್ತೆ. ಬಿಸಿಯಾದಾಗ ಅದರ ಒಳಗಿನ ಹಳೇ ಕಂಡೆನ್ಸರ್ (ಇದು ಕರೆಂಟಿನ ಬಿಡಿಭಾಗ, ಮೇಲೆ ಹೇಳಿದ ಡಬ್ಬ ಅಲ್ಲ), ಅರಗಿನ ಇನ್ಸುಲೇಶನ್ ಕೈಕೊಡತ್ತೆ, ತಣ್ಣಗಾದ್ರೆ ಸರಿ ಹೋಗತ್ತೆ, ಲಕ್ಷಣ ಎರಡಕ್ಕೂ ಒಂದೇ. ವ್ಯತ್ಯಾಸ ತಿಳಿಯೋಕೆ ನಿಂತ ತಕ್ಷಣ ಕಾರ್ಬೊರೇಟರ್ ಕೆಳಗಿನ ಡ್ರೇನ್ ತೆಗೆದು ಒಂದು ಬಟ್ಟಲಿಗೆ ಬಿಡಿ. ಪೆಟ್ರೋಲ್ ಧಾರೆಯಾಗಿ ಬಂದ್ರೆ ಪೆಟ್ರೋಲಿನ ತಪ್ಪಲ್ಲ. ಆ ಬಟ್ಟಲು ದೂರ ಇಟ್ಟು, ಕೈ ಒರೆಸ್ಕೊಂಡು, ಆವಿ ಎಲ್ಲಾ ಹಾರಿಹೋಗೋ ತನಕ ಕಾದು ಆಮೇಲೆ ಸ್ಪಾರ್ಕ್ ನೋಡಿ. ಮ್ಯಾಗ್ನೆಟೋಗೆ ಮತ್ತೆ ತಂತಿ ಸುತ್ತಿಸೋದು ಖರ್ಚಿನ ಕೆಲಸ, ಆದ್ರೆ ಬಿಸಿ ಊರಲ್ಲಿ ಓಡಿಸೋರಿಗೆ ಬೇರೆ ದಾರಿ ಇಲ್ಲ.

ಎಂಜಿನ್ ಎಣ್ಣೆ ವಿಷಯ ಚಿಕ್ಕದು. 40 ಡಿಗ್ರಿ ದಾಟೋ ಕಡೆ ಎಸ್‌ಎಇ 30 ಬದಲು ಸ್ವಲ್ಪ ದಪ್ಪಗಿರೋ ಎಸ್‌ಎಇ 40 ಹಾಕಬಹುದು, ಎಂಜಿನ್ ಮೊದಲಿಂದ ಬಿಚ್ಚಿ ತೊಳೆದಿಲ್ಲದೆ ಇದ್ರೆ ಡಿಟರ್ಜೆಂಟ್ ಇರೋ ಎಣ್ಣೆಗೆ ಒಮ್ಮೆಲೇ ಬದಲಾಯಿಸಬೇಡಿ, ತಳದ ಕೆಸರು ಎದ್ದು ಸಣ್ಣ ತೂತು ಕಟ್ಟತ್ತೆ. ಬಿಸಿ ಹವೆ ಜೊತೆ ಧೂಳೂ ಬರತ್ತೆ, ಆಗಿನ ಬಹಳ ಗಾಡಿಗಳಿಗೆ ಏರ್ ಫಿಲ್ಟರ್ ಇರ್ಲೇ ಇಲ್ಲ, ಜಾಲರಿ ಥರದ್ದು ಒಂದು ಹಾಕಿ, ಹಾಕಿದ್ಮೇಲೆ ಮಿಶ್ರಣ ಮತ್ತೆ ಸರಿ ಮಾಡ್ಕೊಳ್ಳಿ.

ಏಳನೇದು: ಚಕ್ರ, ಟೈರು

ಎಂಜಿನ್ ಕುದಿದ್ರೆ ಗಾಡಿ ನಿಲ್ಲತ್ತೆ ಅಷ್ಟೇ, ಚಕ್ರ ಬಿಟ್ಕೊಂಡ್ರೆ ಜೀವಕ್ಕೆ ಕುತ್ತು. ಒಣ ಬಿಸಿಲಿಗೆ ಮರ ಸೊರಗಿ ಸ್ಪೋಕ್ ಸಡಿಲ ಆಗತ್ತೆ. ತಿರುವಿನಲ್ಲಿ ಕಿರ್ ಕಿರ್ ಸದ್ದು ಬಂದ್ರೆ ಅವತ್ತೇ ಗಾಡಿ ನಿಲ್ಲಿಸಿ. ಜಾಕ್ ಕೊಟ್ಟು ಎತ್ತಿ, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಸ್ಪೋಕ್ ಒಂದೊಂದನ್ನೂ ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟಿ, ಬಿಗಿ ಇರೋದು ಟಣ್ ಅನ್ನತ್ತೆ, ಸಡಿಲದ್ದು ಡಬ್ ಅನ್ನತ್ತೆ. ಸ್ಪೋಕ್ ಬುಡದಲ್ಲಿ ಪೇಂಟ್ ಗೆರೆಯಾಗಿ ಒಡೆದಿದ್ರೆ ಅದೂ ಗುರುತು. ಚಕ್ರನ ರಾತ್ರಿಯೆಲ್ಲ ನೀರಲ್ಲಿ ನೆನೆಸಿಡಿ ಅಂತ ಹೇಳೋರಿದ್ದಾರೆ, ಬೆಳಿಗ್ಗೆ ಬಿಗಿಯಾಗತ್ತೆ, ವಾರಕ್ಕೆ ಒಣಗಿ ಮೊದಲಿಗಿಂತ ಸಡಿಲ, ಜೊತೆಗೆ ಒಳಗಿಂದ ಕೊಳೆಯೋಕೆ ಶುರು. ಮಾಡಬೇಡಿ. ಸಡಿಲ ಆಗಿದ್ರೆ ಚಕ್ರ ಕಟ್ಟೋ ಕೆಲಸ ಗೊತ್ತಿರೋರ ಹತ್ರ ಹೊಸ ಸ್ಪೋಕ್ ಹಾಕಿಸಿ. ಬಿಗಿ ಇದ್ರೆ ವರ್ಷಕ್ಕೊಂದ್ಸಲ ಬೇಯಿಸಿದ ಅಗಸೆ ಎಣ್ಣೆ ಕುಡಿಸಿ, ಪೇಂಟ್ ಒಡೆಯದ ಹಾಗೆ ನೋಡ್ಕೊಳ್ಳಿ, ಬಿಸಿಲಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಬಟ್ಟೆ ಹೊದಿಸಿ.

ಟೈರಿನ ಗಾಳಿ ಬೆಳಿಗ್ಗೆ ತಣ್ಣಗಿರುವಾಗ ನೋಡಿ. ಅಂಚು ಕೊಕ್ಕೆಯಾಗಿ ರಿಮ್ಮಿಗೆ ಸಿಗಿಸೋ ಹಳೇ 30 ಬೈ ಮೂರೂವರೆ ಇಂಚಿನ ಟೈರಿಗೆ 55ರಿಂದ 60 ಪೌಂಡ್ (ಪಿಎಸ್‌ಐ) ಒತ್ತಡ ಬೇಕು, ಕಮ್ಮಿ ಆದ್ರೆ ಟೈರ್ ಮಡಚಿ ಮಡಚಿ ಬಿಸಿಯಾಗತ್ತೆ, ರಿಮ್ಮಿಂದ ಕಿತ್ತು ಬರಬಹುದು. ಮಧ್ಯಾಹ್ನ ಒತ್ತಡ ಏರಿದೆ ಅಂತ ಗಾಳಿ ಬಿಡಬೇಡಿ. ಟ್ಯೂಬ್ ಹಾಕುವಾಗ ಟಾಲ್ಕಮ್ ಪುಡಿ ಬಳೀರಿ, ಇಲ್ಲಾಂದ್ರೆ ಬಿಸಿಗೆ ಟೈರಿಗೇ ಅಂಟತ್ತೆ.

ಕೊನೇದಾಗಿ ಓಡಿಸೋ ರೀತಿ

ಎಷ್ಟೇ ರಿಪೇರಿ ಮಾಡಿದ್ರೂ ಮಧ್ಯಾಹ್ನ 12ರಿಂದ 4 ನೆರಳಲ್ಲಿ ಕಳೀರಿ. ದಿಬ್ಬದಲ್ಲಿ ಎಂಜಿನ್ ತಿಣುಕೋಕೆ ಬಿಡದೆ ಮುಂಚೇನೇ ಲೋ ಗೇರಿಗೆ ಬನ್ನಿ, ತುಂಬಾ ಹೊತ್ತು ಲೋ ಗೇರಲ್ಲೇ ಹತ್ತೋದಾದ್ರೆ ಮಧ್ಯೆ ನಿಲ್ಲಿಸಿ. ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡ್ರೆ ಎಂಜಿನ್ ಆಫ್ ಮಾಡೋದಕ್ಕೆ ನಾಚಿಕೆ ಬೇಡ, ಸ್ಪಾರ್ಕ್ ತಡ ಇಟ್ಟು ಐಡಲ್ ಬಿಟ್ಟು ಕೂರೋದೇ ಅತಿ ಜಾಸ್ತಿ ಬಿಸಿ ಮಾಡೋದು.

ಕುದೀತು ಅಂದ್ರೆ ಹೀಗ್ಮಾಡಿ. ಗಾಳಿ ಕಡೆ ಮುಖ ಮಾಡಿ ನಿಲ್ಲಿಸಿ. ನೀರಿನ ಮಟ್ಟ ಸರಿ ಇದ್ರೆ ಒಂದು ನಿಮಿಷ ಎಂಜಿನ್ ನಿಧಾನಕ್ಕೆ ತಿರುಗಲಿ, ನೀರು ಖಾಲಿ ಆಗಿದೆ ಅನ್ನಿಸಿದ್ರೆ ತಕ್ಷಣ ಆಫ್. ಬಾನೆಟ್ ಎರಡೂ ಪಕ್ಕ ತೆರೀರಿ. ಕ್ಯಾಪ್ ಮುಟ್ಟಬೇಡಿ, ಪ್ರೆಶರ್ ಇಲ್ಲದ ಸಿಸ್ಟಮ್ ಆದ್ರೂ ಕುದಿಯೋ ನೀರು ಮುಖಕ್ಕೆ ಚಿಮ್ಮತ್ತೆ. ಕನಿಷ್ಠ ಅರ್ಧ ಗಂಟೆ. ಆಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕಿಟ್ಟು, ಕ್ಯಾಪ್ ಕಾಲು ಸುತ್ತು ತಿರುಗಿಸಿ ಸದ್ದು ನಿಲ್ಲೋ ತನಕ ಕಾದು ತೆಗೀರಿ. ತಣ್ಣೀರು ಒಮ್ಮೆಲೇ ಸುರಿದ್ರೆ ಬ್ಲಾಕ್ ಸೀಳತ್ತೆ, ಸೀಳಿದ ಬ್ಲಾಕ್ ಮತ್ತೆ ಸಿಗಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ನಿಧಾನಕ್ಕೆ ತಿರುಗ್ತಿರುವಾಗ, ಗಾಡೀಲಿ ಬಿಸಿಲಿಗೆ ಕೂತು ಬೆಚ್ಚಗಾಗಿರೋ ನೀರನ್ನೇ ಸಣ್ಣ ಧಾರೇಲಿ ಹಾಕ್ತಾ ಬನ್ನಿ, ಮೇಲಿನ ಹೋಸ್ ಬಾಯಿ ಮುಳುಗೋ ತನಕ. ಎಷ್ಟು ಲೀಟರ್ ಹಿಡೀತು ಅಂತ ಅದೇ ನೋಟ್ ಪುಸ್ತಕದಲ್ಲಿ ಬರೆದಿಡಿ.